ಹುಟ್ಟುಗಳ್ಳರೆಂಬ ಹಣೆಪಟ್ಟಿ ಬಂದ ದಾರಿ

ಸುರಪುರದಲ್ಲಿ ಆಡಳಿತ ನಡೆಸಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನನ್ನು ಆ ಸೀಮೆಯ ಜನ ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಅಲ್ಲಿಗೆ ಬರುವ ಮುನ್ನವೇ, ನಿಜಾಮನ ಸೇವೆಯಲ್ಲಿದ್ದಾಗ, 1839ರಲ್ಲಿ ಆತನ ಕಾದಂಬರಿ 'ಕನ್ಫೆಷನ್ಸ್ ಆಫ್ ಎ ಠಗ್' ಲಂಡನ್ನಿನಲ್ಲಿ ಪ್ರಕಟವಾಗಿತ್ತು. ದಾರಿಹೋಕರ ಕೊರಳಿಗೆ ವಸ್ತ್ರ ಬಿಗಿದು ಕೊಲ್ಲುವ ಠಗ್ಗ ಅಮೀರ್ ಅಲಿ ತನ್ನ ಕಥೆಯನ್ನು ತಾನೇ ಹೇಳುವ ಆ ಪುಸ್ತಕಕ್ಕೆ ಇಂಗ್ಲೆಂಡಿನ ಓದುಗರು ಮುಗಿಬಿದ್ದರು.

ಕಥೆಗೆ ಸರಕು ಒದಗಿಸಿದ್ದು ಮಾಫಿಸಾಕ್ಷಿಗಳು, ಅಂದರೆ ಜೀವ ಉಳಿಸಿಕೊಳ್ಳಲು ಸರ್ಕಾರದ ಕಡೆ ನಿಂತ ಸೆರೆಯಾಳುಗಳು. ಬ್ರಿಟಿಷ್ ಅಧಿಕಾರಿ ಸ್ಲೀಮನ್ ನಡೆಸಿದ ಠಗ್ಗರ ಬೇಟೆಗೂ ಅಂಥವರ ಮಾತೇ ಆಧಾರ. ದಾರಿಗಳಲ್ಲಿ ಕೊಲೆ, ಸುಲಿಗೆ ನಡೆದದ್ದು ಸುಳ್ಳಲ್ಲ. ಆದರೆ ಹಿಡಿದವರು, ಹೇಳಿಕೆ ಬರೆದುಕೊಂಡವರು, ತೀರ್ಪು ಕೊಟ್ಟವರು, ಕೊನೆಗೆ ಕಥೆ ಕಟ್ಟಿದವರು ಎಲ್ಲರೂ ಆಳುವವರ ಪಾಳೆಯದವರೇ. 1836ರ ಕಾಯ್ದೆಯಂತೂ ಠಗ್ಗರ ಗುಂಪಿಗೆ ಸೇರಿದ್ದನೆಂದು ಸಾಬೀತಾದರೆ ಸಾಕು, ಜೀವಾವಧಿ ಸಜೆ ಎಂದಿತು.

1871ರಲ್ಲಿ ಗುಂಪಿನ ಜಾಗಕ್ಕೆ ಇಡೀ ಸಮುದಾಯವೇ ಬಂತು. ಅಪರಾಧಿ ಬುಡಕಟ್ಟುಗಳ ಕಾಯ್ದೆ ಎಂದರೆ ಹೆಸರು ನೋಂದಣಿ, ಹಾಜರಿ, ಊರು ಬಿಡಲು ಪಾಸು. 1911ರಲ್ಲಿ ಅದು ಮದ್ರಾಸ್, ಮುಂಬೈ ಪ್ರಾಂತ್ಯಗಳನ್ನೂ ಹೊಕ್ಕಿತು. ಹೀಗೆ ಪಟ್ಟಿಗೆ ಸೇರಿದ ಕೊರವರು ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಡುವೆ ವ್ಯಾಪಾರ ಮಾಡುತ್ತಿದ್ದವರು. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ಕಸುಬು ಹೋಯಿತು. ಆಮೇಲೆ ಅಲೆಯುವುದೇ ಅಪರಾಧದ ಗುರುತಾಯಿತು. ಕಸುಬು ಕಸಿದ ಕೈಯೇ ಕಡತವನ್ನೂ ಬರೆಯಿತು! ಹಣೆಪಟ್ಟಿ ಹೊತ್ತವರನ್ನು ಕಾವಲಿನಲ್ಲಿಟ್ಟ ಹುಬ್ಬಳ್ಳಿಯ ಜಾಗಕ್ಕೆ ಈಗಲೂ 'ಸೆಟ್ಲಮೆಂಟ್' ಎಂದೇ ಹೆಸರು.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ನೋಡುವ ಕಣ್ಣು ಮಾತ್ರ ಬದಲಾಗಲಿಲ್ಲ. ಆ ಕಾಯ್ದೆಯಿಂದ ಬಿಡುಗಡೆಗೊಂಡ ವಿಮುಕ್ತ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳಂತೆ ಕಾಣುವ ನಿಯಮಗಳು ಜೈಲು ಕೈಪಿಡಿಗಳಲ್ಲಿ ಉಳಿದೇ ಇದ್ದವು. ಸುಪ್ರೀಂ ಕೋರ್ಟ್ ಅವನ್ನು ಕಿತ್ತುಹಾಕಿದ್ದು 2024ರ ಅಕ್ಟೋಬರ್‌ನಲ್ಲಿ. ಆ ಮೊಕದ್ದಮೆ ಹೂಡಿದ್ದು ಜೈಲುಗಳಲ್ಲಿನ ಜಾತಿಭೇದದ ಬಗ್ಗೆ ವರದಿ ಮಾಡಿದ್ದ ಪತ್ರಕರ್ತೆ ಸುಕನ್ಯಾ ಶಾಂತಾ. ಬರಹ ಕಟ್ಟಿದ ಗಂಟನ್ನು ಬರಹವೇ ಬಿಚ್ಚಬಲ್ಲದು ಎಂಬ ನನ್ನ ನಂಬಿಕೆ ಇದರಿಂದ ಗಟ್ಟಿಯಾಗಿದೆ.

ಹಾಗಿದ್ದೂ ಸರಗಳ್ಳತನದ ಸುದ್ದಿಯಲ್ಲಿ ವಿಮುಕ್ತ ಸಮುದಾಯವೊಂದರ ಹೆಸರಿಟ್ಟು 'ಬವಾರಿಯಾ ಗ್ಯಾಂಗ್' ಎಂಬ ಶೀರ್ಷಿಕೆ ಇಂದಿಗೂ ಬರುತ್ತದೆ. ಬ್ಯಾಂಕಿಗೆ ಕೋಟಿಗಟ್ಟಲೆ ವಂಚಿಸಿದವನ ಜಾತಿ ಶೀರ್ಷಿಕೆಗೆ ಬಾರದು. ಅವನ ಜಾತಿಗೆ ಬಲವಿದೆ, ಸುದ್ದಿಮನೆಯಲ್ಲಿ ತನ್ನವರೂ ಇದ್ದಾರೆ. ಠಾಣೆಯ ಪ್ರಕಟಣೆಯನ್ನು ತಿದ್ದಲು ಕೂರುವ ಗೆಳೆಯರೇ, ಆರೋಪಿಯ ಹೆಸರು ಬರೆಯಿರಿ, ಸಮುದಾಯದ ಹೆಸರು ಬಿಡಿ.