ಅಂಗೈಯಗಲದ ಚಿತ್ತಾರ

ಗ್ಯಾಲರಿ ಅಂದ್ರೆ ನಿಮ್ಮ ಕಣ್ಣಮುಂದೆ ಏನು ಬರುತ್ತೋ! ಸಿಯಾಟಲ್‌ನಲ್ಲಿ ನಾನು ವಾಕಿಂಗ್ ಹೋಗೋ ದಾರಿಯಲ್ಲಿರುವ ಗ್ಯಾಲರಿ ಒಂದು ಮೈಕ್ರೋವೇವ್‌ನಷ್ಟಿದೆ. ಕಂಬದ ಮೇಲೆ ಮರದ ಪೆಟ್ಟಿಗೆ, ಗಾಜಿನ ಬಾಗಿಲು, ಬೀಗ ಇಲ್ಲ. ಒಳಗೆ ಬೆರಳುದ್ದದ ಸ್ಟ್ಯಾಂಡ್‌ಗಳ ಮೇಲೆ ಪುಟಾಣಿ ಚಿತ್ರಗಳು, ಅವನ್ನು ನೋಡುತ್ತಾ ನಿಂತ ಪ್ಲಾಸ್ಟಿಕ್ ಮನುಷ್ಯರು. ಇಷ್ಟವಾದದ್ದು ತಗೊಳ್ಳಿ, ನಿಮ್ಮದೊಂದು ಇಡಿ, ಇಲ್ಲಾಂದ್ರೆ ಸುಮ್ನೆ ನೋಡ್ಕೊಂಡು ಹೋಗಿ. ದುಡ್ಡಿನ ಮಾತೇ ಇಲ್ಲ.

ಇದು ಶುರುವಾದದ್ದೂ ಇದೇ ಊರಲ್ಲಿ. 2020ರ ಡಿಸೆಂಬರ್‌ನಲ್ಲಿ, ಕೋವಿಡ್ ಕಾಲದಲ್ಲಿ, ಕ್ವೀನ್ ಆ್ಯನ್ ಬಡಾವಣೆಯ ಕಲಾವಿದೆ ಸ್ಟೇಸಿ ಮಿಲ್ರಾನಿ ಮನೆ ಮುಂದೆ ಒಂದು 'ಫ್ರೀ ಲಿಟಲ್ ಆರ್ಟ್ ಗ್ಯಾಲರಿ' ನಿಲ್ಲಿಸಿದರು. 2009ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ 'ಲಿಟಲ್ ಫ್ರೀ ಲೈಬ್ರರಿ' ಪುಸ್ತಕದ ಪೆಟ್ಟಿಗೆಗಳೇ ಮಾದರಿ. ಆಮೇಲೆ ಅಮೆರಿಕದ ಎಷ್ಟೋ ಊರುಗಳಲ್ಲಿ ಇಂಥವು ಎದ್ದವು.

ನಾನು ಅಲ್ಲಿ ಇಡೋದು ಹಸೆ ಚಿತ್ತಾರ. ನಮ್ಮದು ಸಾಗರದ ಕಡೆ. ದೀವರ ಮನೆಗಳಲ್ಲಿ ಮದುವೆ ಬಂತೆಂದರೆ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕಪ್ಪಿಗೆ ಅಕ್ಕಿಯನ್ನೇ ಹುರಿದು ಕರಕಲು ಮಾಡಬೇಕು. ಪುಂಡಿ ನಾರೇ ಬ್ರಷ್ಷು. ಸ್ಕೇಲ್ ಇಲ್ಲದೆ ಎಳೆ ಪಕ್ಕ ಎಳೆ, ಹಾಡು ಹೇಳಿಕೊಂಡು. ಮದುಮಕ್ಕಳನ್ನು ಅದರ ಮುಂದೆಯೇ ಹಸೆಗೆ ಕೂರಿಸೋದು. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ. ನಮ್ಮಜ್ಜಿ ಬರೆದ ಗೋಡೆಗಳಿಗೆ ಲೆಕ್ಕವಿಲ್ಲ. ಒಂದರಲ್ಲೂ ಅವಳ ಹೆಸರಿಲ್ಲ.

ನನ್ನದು ನಾಲ್ಕಿಂಚಿನ ರಟ್ಟು, ಮಿಕ್ಸಿಯಲ್ಲಿ ರುಬ್ಬಿದ ಅಕ್ಕಿ, ಉದುರದಿರಲಿ ಅಂತ ಸ್ವಲ್ಪ ಫೆವಿಕಾಲ್. ಒಂದು ಕಾರ್ಡಿಗೆ ಶನಿವಾರ ಪೂರ್ತಿ ಹೋಗುತ್ತೆ.

"ಅಷ್ಟು ಕಣ್ಣು ಕಿತ್ಕೊಂಡು ಬರ್ದು, ಯಾರಿಗೋ ಪುಕ್ಸಟ್ಟೆ ಕೊಡ್ತೀಯೇನೆ? ಆನ್‌ಲೈನ್‌ನಲ್ಲಾದ್ರೂ ಮಾರು," ಅಂತ ಅಮ್ಮ ಫೋನಲ್ಲಿ ರೇಗಿದಳು. ಪಕ್ಕದಲ್ಲಿದ್ದ ಅಜ್ಜಿಯ ಚಿಂತೆ ಬೇರೆ: "ಗೋಡೆ ಮೇಲಿಂದನ್ನ ಯಾರಾದ್ರೂ ಹೊತ್ಕೊಂಡು ಹೋಗ್ತಾರೇನೆ?"

ಹೋಗ್ತಾರೆ. ಮೊದಲ ಕಾರ್ಡು ಮರುದಿನ ಸಂಜೆಗೆ ಇರಲಿಲ್ಲ. ಯಾರು ಒಯ್ದರೋ ಗೊತ್ತಿಲ್ಲ. ಲೈಕ್ ಇಲ್ಲ, ಕಾಮೆಂಟ್ ಇಲ್ಲ. ಆಫೀಸಲ್ಲಿ ಮಾಡಿದ್ದಕ್ಕೆಲ್ಲ ಡ್ಯಾಶ್‌ಬೋರ್ಡ್ ನೋಡಿ ಅಭ್ಯಾಸವಾದ ನನಗೆ ಅದೊಂಥರಾ ಸುಖ ಅನ್ನಿಸಿತು. ಅವತ್ತು ನಾನು ತಂದುಕೊಂಡ ಬೆಂಕಿಪೊಟ್ಟಣದಗಲದ ಮಳೆಯ ಚಿತ್ರ ಫ್ರಿಜ್ ಮೇಲಿದೆ. ಅದನ್ನು ಬರೆದವರಿಗೂ ನಾನು ಯಾರಂತ ಗೊತ್ತಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನ್ನದು ಹಠ. ನನ್ನ ಹೆಸರು ಬೇಡ, ಸರಿ. ಕಲೆಯ ಹೆಸರು ಬೇಕೇ ಬೇಕು. ಆಫೀಸಿನ ಉತ್ತರ ಭಾರತದವರೂ ನೋಡಿದ ಕೂಡಲೇ "ಓ, ವಾರ್ಲಿ!" ಅಂತಾರೆ. ವಾರ್ಲಿ ಮಹಾರಾಷ್ಟ್ರದ್ದು, ಅದರ ಚಂದ ಅದಕ್ಕೆ. ಹಂಗಾಗಿ ಪ್ರತಿ ಕಾರ್ಡಿನ ಹಿಂದೆ ಕನ್ನಡದಲ್ಲೂ ಇಂಗ್ಲಿಷಲ್ಲೂ ಬರೀತೀನಿ: ಹಸೆ ಚಿತ್ತಾರ, ದೀವರ ಹೆಣ್ಣುಮಕ್ಕಳ ಕಲೆ, ಸಾಗರ, ಕರ್ನಾಟಕ. ಊರಲ್ಲಿ ಮನೆ ನೋಡಿದರೆ ಯಾರ ಕೈ ಅಂತ ಗೊತ್ತಾಗ್ತಿತ್ತು, ಹೆಸರು ಬೇಕಿರಲಿಲ್ಲ. ಏಳು ಸಮುದ್ರ ದಾಟಿದ ಮೇಲೆ ಆ ಸವಲತ್ತಿಲ್ಲ. 'ಇಂಡಿಯನ್ ಡಿಸೈನ್' ಅಂತ ಯಾರದೋ ಬಾತ್‌ರೂಮಿನ ಗೋಡೆ ಸೇರಿದರೆ ಅಜ್ಜಿಗೆ ಮಾಡಿದ ಮೋಸ ಅದು.

ಹೋದ ವರ್ಷ ಊರಿಗೆ ಹೋದಾಗ ಅಜ್ಜಿ ತಾನೇ ನಾಲ್ಕು ಕಾರ್ಡ್ ಬರೆದುಕೊಟ್ಟಳು. ಕೈ ನಡುಗಿ ಎಳೆಗಳು ಅಲ್ಲಲ್ಲಿ ಒಂದಕ್ಕೊಂದು ತಾಗಿವೆ. "ಆ ಪೆಟ್ಟಿಗೇಲಿಡು, ಯಾರಾದ್ರೂ ತಗೊಂಡ್ರೆ ಹೇಳು," ಅಂದಿದ್ದಳು. ಎರಡನ್ನು ಇಟ್ಟೆ, ಹೋದವು, ಹೇಳಿದೆ. ಫೋನಿನಲ್ಲಿ ಬಹಳ ಹೊತ್ತು ನಕ್ಕಳು.

ಈ ಮಳೆಗಾಲದಲ್ಲಿ ಅಜ್ಜಿ ಹೋದಳು. ಮಿಕ್ಕೆರಡು ಕಾರ್ಡು ನನ್ನ ಪಾಸ್‌ಪೋರ್ಟ್ ಫೈಲಿನಲ್ಲಿವೆ. ಪೆಟ್ಟಿಗೆಯ ತನಕ ಒಯ್ದು ವಾಪಸ್ ತಂದಿದ್ದೇನೆ, ಎರಡು ಸಲ.