ಕವಲೊಡೆಯುವ ಚಿತ್ರಕಥೆಗಳ ವಿನ್ಯಾಸ

ಓದುಗರು ಆಯ್ದುಕೊಂಡ ದಾರಿಯಲ್ಲೇ ಕಥೆ ಮುಂದುವರಿಯುವಂತೆ ಹೆಣೆದ ಕವಲು ಚಿತ್ರಕಥೆಗೆ ಅಮೆರಿಕದ ಜೇಸನ್ ಶಿಗಾ ಅವರ ‘ಮೀನ್‌ವೈಲ್’ (2010) ಉತ್ತಮ ನಿದರ್ಶನ. ಜಿಮ್ಮಿ ಎಂಬ ಬಾಲಕ ವೆನಿಲಾ ಅಥವಾ ಚಾಕೊಲೇಟ್ ಐಸ್‌ಕ್ರೀಮ್ ಆರಿಸಿಕೊಳ್ಳುವಲ್ಲಿಂದ ಆರಂಭವಾಗುವ ಈ ಕೃತಿಯಲ್ಲಿ ಚೌಕಟ್ಟುಗಳನ್ನು ಕೊಳವೆಯಂಥ ಗೆರೆಗಳು ಜೋಡಿಸುತ್ತವೆ. ಗೆರೆ ಇಬ್ಭಾಗವಾದಲ್ಲಿ ಓದುಗರು ಒಂದನ್ನು ಹಿಡಿದು, ಪುಟದಂಚಿನ ಪಟ್ಟಿಯ ಮೂಲಕ ಬೇರೊಂದು ಪುಟಕ್ಕೆ ಸಾಗುತ್ತಾರೆ. ಇದರಲ್ಲಿ 3,856 ಕಥಾಸಾಧ್ಯತೆಗಳಿವೆಯೆಂದು ಮುಖಪುಟವೇ ಸಾರುತ್ತದೆ. ಆಂಡ್ರ್ಯೂ ಪ್ಲಾಟ್ಕಿನ್ ಅವರು ಇದನ್ನು ಆ್ಯಪ್ ಆಗಿ ರೂಪಿಸಿದಾಗ ಪುಟಗಳ ಗಡಿ ಅಳಿದು, ಇಡೀ ಕಥೆ ಒಂದೇ ವಿಶಾಲ ಹಾಳೆಯ ಮೇಲೆ ಹರಡಿಕೊಂಡಿತು.

ಇಂಥ ವಿನ್ಯಾಸದ ಮುಖ್ಯ ಸವಾಲು ಕವಲುಗಳ ಮಿತಿಮೀರಿದ ಬೆಳವಣಿಗೆ: ಪ್ರತಿ ಹಂತದಲ್ಲೂ ಎರಡೇ ಆಯ್ಕೆಗಳಿದ್ದು, ದಾರಿಗಳು ಎಲ್ಲಿಯೂ ಮತ್ತೆ ಕೂಡದಿದ್ದರೆ, ಹತ್ತು ಹಂತಗಳು ಮುಗಿಯುವ ಹೊತ್ತಿಗೆ 1,024 ಅಂತ್ಯಗಳನ್ನು ಬರೆದು ಚಿತ್ರಿಸಬೇಕಾಗುತ್ತದೆ. ಆದ್ದರಿಂದ ನುರಿತ ವಿನ್ಯಾಸಕಾರರು ಬೇರ್ಪಟ್ಟ ದಾರಿಗಳನ್ನು ಕೆಲವು ಪ್ರಮುಖ ಘಟನೆಗಳಲ್ಲಿ ಮತ್ತೆ ಸೇರಿಸುತ್ತಾರೆ. ಓದುಗರ ಹಿಂದಿನ ಆಯ್ಕೆಗಳನ್ನು ‘ಚರ’ಗಳಲ್ಲಿ, ಅಂದರೆ ಬದಲಾಗುವ ಮೌಲ್ಯವನ್ನು ನೆನಪಿಡುವ ಗುರುತುಗಳಲ್ಲಿ, ದಾಖಲಿಸಿ, ಮುಂದೆ ಒಂದು ಸಂಭಾಷಣೆಯನ್ನೋ ಮುಖಭಾವವನ್ನೋ ಅದಕ್ಕೆ ತಕ್ಕಂತೆ ಬದಲಿಸುತ್ತಾರೆ. ಕ್ರಿಸ್ ಕ್ಲಿಮಸ್ ಅವರು 2009ರಲ್ಲಿ ರೂಪಿಸಿದ ಟ್ವೈನ್ ಎಂಬ ಉಚಿತ ತಂತ್ರಾಂಶದಲ್ಲಿ, ಚಿತ್ರ ಬರೆಯುವ ಮೊದಲೇ ಈ ಕವಲುಗಳ ನಕ್ಷೆಯನ್ನು ಜೋಡಿಸಿ ಪರೀಕ್ಷಿಸಬಹುದು. ಆಯ್ಕೆಗಳ ಸಂಖ್ಯೆಗಿಂತ ಪ್ರತಿ ಆಯ್ಕೆಗೂ ಕಥೆಯಲ್ಲಿ ನಿಜವಾದ ಪರಿಣಾಮವಿರುವುದೇ ಈ ಕಲೆಯ ಯಶಸ್ಸಿನ ಮಾನದಂಡ.