ಮರ ಕಟ್ಟಿ ನೀರಿಗೆ ಬಿಡೋದ್ಯಾಕೆ? ಮೀನಿನ ಮನೆಯ ಲೆಕ್ಕ

ಮರಕ್ಕೆ ಕಾಂಕ್ರೀಟ್ ಬ್ಲಾಕ್ ಕಟ್ಟಿ, ದೋಣಿಯಲ್ಲಿ ಒಯ್ದು, ಬೇಕಂತಲೇ ಮುಳುಗಿಸೋ ವಿಡಿಯೋ ಒಂದನ್ನ ನೋಡಿದೆ. ಕಸ ಸುರೀತಿದ್ದಾರೆ ಅಂದ್ಕೊಂಡೆ. ಅಲ್ಲ, ಅದು ಮೀನಿಗೆ ಮನೆ ಕಟ್ಟೋ ಕೆಲಸ.

ಅಮೆರಿಕದ ಮಿಸೌರಿಯ ಟೇಬಲ್ ರಾಕ್ ಸರೋವರವನ್ನೇ ತಗೊಳ್ಳಿ. ಹೆಸರಿಗೆ ಸರೋವರ, ನಿಜದಲ್ಲಿ ಜಲಾಶಯ. ವೈಟ್ ನದಿಯ ಅಣೆಕಟ್ಟು 1958ರಲ್ಲಿ ಮುಗಿಯಿತು. ಇಂಥ ಕಣಿವೆ ತುಂಬಿದಾಗ ಮರ, ಪೊದೆಗಳೂ ಮುಳುಗುತ್ತವೆ. ಕೊಂಬೆ ಮೇಲೆ ಪಾಚಿ, ಪಾಚಿ ತಿನ್ನೋ ಹುಳು, ಹುಳು ತಿನ್ನೋ ಮರಿಮೀನು. ದೊಡ್ಡ ಮೀನು ಬಂದರೆ ಮರಿಗಳಿಗೆ ಅಡಗೋಕೆ ಅದೇ ಕೊಂಬೆ.

ನಾನು ಬಿ.ಕಾಂ. ಓದಿದವನು, ನನಗಿದು ಸವಕಳಿ ಲೆಕ್ಕದ ಹಾಗೇ ಕಾಣುತ್ತೆ. ಮುಳುಗಿದ ಮರ ಒಂದು ಆಸ್ತಿ; ವರ್ಷಾವರ್ಷ ಕೊಳೆತು ಕರಗುತ್ತೆ. ಕಾಡಿನಂಚಿನ ಸಹಜ ಸರೋವರಕ್ಕೆ ಹೊಸ ಮರ ಬೀಳ್ತಾ ಇರುತ್ತೆ. ಜಲಾಶಯದಲ್ಲಿ ನೀರು ಏರಿಳಿದು ದಡ ಬೋಳಾಗುತ್ತೆ, ಹೊಸ ಜಮೆ ಕಡಿಮೆ. ಅದಕ್ಕೇ 2007ರಲ್ಲಿ ಶುರುವಾದ ಯೋಜನೆಯಲ್ಲಿ ಮಿಸೌರಿಯ ಸಂರಕ್ಷಣಾ ಇಲಾಖೆ ಸೀಡರ್ ಮರ, ಮರದ ಬುಡ, ಕಲ್ಲುರಾಶಿಗಳನ್ನು ಇಲ್ಲಿ ಇಳಿಸಿತು.

ಎಲ್ಲಿ ಬೇಕಾದರೂ ಇಳಿಸೋ ಹಾಗಿಲ್ಲ. ಬೇಸಿಗೆಯಲ್ಲಿ ಬೆಚ್ಚಗಿನ ನೀರು ಮೇಲೆ, ತಣ್ಣೀರು ಕೆಳಗೆ, ಎರಡೂ ಬೆರೆಯಲ್ಲ. ತಳದಲ್ಲಿ ಆಮ್ಲಜನಕ ಇಳಿದರೆ ಆ ಮನೆ ಖಾಲಿ. ತೀರಾ ಮೇಲಿಟ್ಟರೆ ದೋಣಿಗೆ ತಾಗುತ್ತೆ. ಸಾಮಾನೂ ಅಷ್ಟೇ: ಸಣ್ಣ ಕೊಂಬೆ ಮರಿಗಳಿಗೆ ಒಳ್ಳೇದು, ಬೇಗ ಕೊಳೆಯುತ್ತೆ; ದಪ್ಪ ಮರ ಬಾಳುತ್ತೆ. ಪ್ಲಾಸ್ಟಿಕ್ ಪೈಪ್ ಕೊಳೆಯಲ್ಲ, ಆದರೆ ನೀರಲ್ಲಿ ಉಳಿಯೋದೂ ಪ್ಲಾಸ್ಟಿಕ್ಕೇ.

ಈಗ ಅಸಲಿ ಪ್ರಶ್ನೆ. ಇದರಿಂದ ಮೀನು ಹೆಚ್ಚುತ್ತಾ, ಅಥವಾ ಇದ್ದ ಮೀನೇ ಒಂದು ಕಡೆ ಸೇರುತ್ತಾ? ಒಂದು ಬ್ರಾಂಚಿನ ಠೇವಣಿ ಇನ್ನೊಂದಕ್ಕೆ ಹೋದರೆ ಬ್ಯಾಂಕ್ ಬೆಳೆದಂಗಲ್ಲ, ಅಲ್ವಾ? ಅಡಗೋ ಜಾಗವೇ ಕೊರತೆಯಾಗಿದ್ದರೆ ಮರಿಗಳು ಹೆಚ್ಚು ಉಳಿದಾವು. ಕೊರತೆ ಆಹಾರದ್ದೋ ಕೊಳಕು ನೀರಿನದ್ದೋ ಆಗಿದ್ದರೆ, ಮರ ಮುಳುಗಿಸಿ ಮೀನನ್ನ ಗಾಳದ ಬಾಯಿಗೆ ಸೇರಿಸಿದಂಗೆ.

ಟೇಬಲ್ ರಾಕ್‌ನಲ್ಲಿ ಈ ಮನೆಗಳ ಜಿಪಿಎಸ್ ವಿಳಾಸವನ್ನೂ ಇಲಾಖೆಯೇ ಪ್ರಕಟಿಸಿದೆ, ಗಾಳ ಹಾಕೋರಿಗಂತಲೇ. ಜೊತೆಗೆ ನಿಯಮವೂ ಇದೆ: 15 ಇಂಚಿಗಿಂತ ಚಿಕ್ಕ ಬಾಸ್ ಸಿಕ್ಕರೆ ವಾಪಸ್ ಬಿಡಬೇಕು, ದಿನಕ್ಕೆ ಇಷ್ಟೇ ಅಂತ ಮಿತಿ. ಆ ಮಿತಿ ತೆಗೆದುಬಿಟ್ಟರೆ ಇದೇ ಮನೆ ಬೋನಾಗುತ್ತೆ.

ಮುಂದಿನ ವಾರ ಸಿಗೋಣ.